ಜೇಬಿನಲ್ಲೇ ಉಳಿದ ಚೀಟಿ

ವಾಷಿಂಗ್ ಮಷೀನಿಗೆ ಬಟ್ಟೆ ಹಾಕುವ ಮೊದಲು ಗಂಡನ ಜೇಬು ತಡಕುವುದು ಶೈಲಾಳ ರೂಢಿ. ಆ ಬೆಳಿಗ್ಗೆ ಸೋಮನಾಥನ ಅಂಗಿಯ ಜೇಬಿನಿಂದ ಒಂದು ಹಳದಿ ಚೀಟಿ ಬಂತು. ಅದರ ಮೇಲೆ ಮೈರಾಳ ದುಂಡು ಅಕ್ಷರ: ‘ಹೆಲ್ಸ್ಟ್’.

ಶೈಲಾ ಚೀಟಿಯನ್ನು ಕೈಯಲ್ಲೇ ಹಿಡಿದುಕೊಂಡಳು.

ಮೈರಾ ಅವನ ಆಫೀಸಿನವಳು, ಉಡುಪಿಯ ಹುಡುಗಿ, ನಾರ್ವೆಯಲ್ಲಿ ಓದಿ ಬಂದವಳು. ಗಲ್ಫ್‌ನ ಮೆಸಯೀದ್‌ನಲ್ಲಿರುವ ಅವರ ಪ್ಲಾಂಟಿನಿಂದ ಆರು ತಿಂಗಳ ಟ್ರೇನಿಂಗಿಗೆ ನಾರ್ವೆಗೆ ಹೊರಡಲಿದ್ದವರು ಇಬ್ಬರೇ: ಸೋಮನಾಥ ಮತ್ತು ಅವಳು. ಅಲ್ಲಿಯ ಭಾಷೆಯ ಪದಗಳನ್ನು ಅವಳು ಕನ್ನಡ ಲಿಪಿಯಲ್ಲೇ ಚೀಟಿಯಲ್ಲಿ ಬರೆದು ಕೊಡುತ್ತಿದ್ದಳು. ಅವನು ಮನೆಯ ಸಾಮಾನಿಗೆಲ್ಲ ಅಂಟಿಸಿ ಬಾಯಿಪಾಠ ಮಾಡುತ್ತಿದ್ದ. ಕಾಫಿ ಡಬ್ಬಿಯ ಮೇಲೆ ‘ಯಾರ್ನೆ’, ಖುಷಿಯಿಂದ ಬೇಕು. ಚಹಾ ಡಬ್ಬಿಯ ಮೇಲೆ ‘ಹೆಲ್ಲರ್’, ಅದಕ್ಕಿಂತ ಇದು ಬೇಕು. ಮೂರನೆಯದು ‘ಹೆಲ್ಸ್ಟ್’, ಎಲ್ಲಕ್ಕಿಂತ ಇದೇ ಬೇಕು. ಅದು ಮಾತ್ರ ಯಾವ ಡಬ್ಬಿಯ ಮೇಲೂ ಇರಲಿಲ್ಲ. ಅವನ ಎದೆಯ ಮೇಲಿತ್ತು!

ಮೂರು ವಾರದಿಂದ ತನ್ನ ಅಡುಗೆಮನೆಯಲ್ಲಿ ಇನ್ನೊಬ್ಬಳ ಅಕ್ಷರ ನೋಡಿ ನೋಡಿ ಶೈಲಾಳ ಹೊಟ್ಟೆ ಉರಿದಿತ್ತು.

“ಇವತ್ತು ಚಟ್ನಿ ಯಾಕ ಇಷ್ಟು ಖಾರ?” ತಿಂಡಿಗೆ ಕೂತ ಸೋಮನಾಥ ನೀರು ಕುಡಿದ.

“ನಿಮ್ಮ ಮೇಡಂನ ಕೇಳ್ರಿ. ಅದಕ್ಕೂ ಒಂದು ಚೀಟಿ ಬರದು ಕೊಡ್ತಾಳ.”

“ಓಹೋ!” ಅವನ ಕಣ್ಣಂಚಿನಲ್ಲಿ ನಗು ಮಿಂಚಿತು. “ಸಿಟ್ಟು ಮೈರಾನ ಮ್ಯಾಲೋ, ನನ್ನ ಮ್ಯಾಲೋ?”

ಏಳು ವರ್ಷದ ಮಗಳು ಚಂದ್ರಿಕಾ ಇಬ್ಬರನ್ನೂ ನೋಡಿದಳು. ಏನೋ ಕೇಳಲು ಬಾಯಿ ತೆರೆದವಳು ಅಮ್ಮನ ಮುಖ ಕಂಡು ಹಾಲಿನ ಲೋಟ ಎತ್ತಿಕೊಂಡಳು.

ಶೈಲಾ ಚೀಟಿಯನ್ನು ಅವನ ತಟ್ಟೆಯ ಪಕ್ಕ ಇಟ್ಟಳು. “ಇದು ಮಷೀನ್‌ನ್ಯಾಗ ಹೋಗ್ತಿತ್ತು. ಜ್ವಾಕಿಯಿಂದ ಇಟ್ಕೋರಿ.”

ಸೋಮನಾಥ ನಾಚಿಬಿಟ್ಟ. “ಮನಿ ತುಂಬ ಹುಡುಕೀನಿ ಶೈಲಾ, ಇದಕ್ಕ ಹೊಂದೋ ಸಾಮಾನ ಒಂದೂ ಸಿಗಲಿಲ್ಲ. ನೀ ಮಲಗಿದ್ದಾಗ ನಿನ್ನ ಹಣಿಗೆ ಅಂಟಿಸಬೇಕಂತ ಮಾಡಿದ್ದೆ. ಎದ್ದು ಬೈತಿ ಅಂತ ಧೈರ್ಯ ಬರಲಿಲ್ಲ. ದಿನಾ ಒಂದು ಅಂಗಿಯಿಂದ ಇನ್ನೊಂದಕ್ಕ ಹಾಕ್ಕೋತಿದ್ದೆ, ನಿನ್ನೆ ಮರತೆ. ಆ ಮೈರಾ ಬ್ಯಾರೆ ಕಾಡತಾಳ: ‘ಇನ್ನೂ ಅಕ್ಕನಿಗೆ ಅಂಟಿಸಿಲ್ವಾ ಸರ್? ಎಂಥ ಗಂಡ ಮಾರಾಯ್ರೆ ನೀವು!’ ಅಂತ.”

ಅವನು ಎದ್ದು ಬಂದು ಚೀಟಿಯನ್ನು ಅವಳ ಭುಜಕ್ಕೆ ಮೆಲ್ಲಗೆ ಅಂಟಿಸಿದ. “ನಾ ಎಲ್ಲೇ ಹೋದ್ರೂ ಇದರ ಜಾಗಾ ಇಲ್ಲೇ.”

ಕೆಳಗೆ ಕಂಪನಿ ಬಸ್ಸಿನ ಹಾರ್ನ್ ಕೇಳಿತು. ಶೈಲಾ ಚೀಟಿ ಕೀಳಲಿಲ್ಲ. ಕೆಂಪಾದ ಮುಖವನ್ನು ಮಷೀನಿನ ಕಡೆ ತಿರುಗಿಸಿ, ಸುಮ್ಮನೆ ಅದರ ಗುಂಡಿ ಒತ್ತುತ್ತಾ ನಿಂತಳು. ಒಂದೇ ಬೂಟು ಹಾಕಿಕೊಂಡ ಸೋಮನಾಥ ಬಾಗಿಲಲ್ಲಿ ಕಾಯುತ್ತಿದ್ದ.

ಚಂದ್ರಿಕಾ ಹಾಲಿನ ಲೋಟ ಕೆಳಗಿಟ್ಟಳು.

“ಅಮ್ಮಾ, ಪಪ್ಪಾಂದು ಹೆಲ್ಸ್ಟ್ ನೀನು. ಓಕೆ. ನಿಂದು ಯಾರು?”