ಮಂಚದ ಮೇಲಿನ ಬೀಮು

"ಬೀಮನ್ನೇ ನುಂಗಿ ನೀರು ಕುಡಿದಿದ್ದಾರೆ ನಿಮ್ಮೋರು!"

ಮೇಸ್ತ್ರಿ ಲಿಯಾವ್ ನಕ್ಷೆಯ ಹಾಳೆಯನ್ನು ಮೇಜಿಗೆ ಬಡಿದ ರಭಸಕ್ಕೆ ಗುಮಾಸ್ತೆ ಪೇಯ್‌ಳ ಚಹಾ ಚೆಲ್ಲಿತು. ತೈನಾನ್ ಊರಿನ ಯೆನ್ ಸಾಹೇಬರ ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ಬೆಳಗಿನ ಹೊತ್ತಿಗೇ ಸೆಕೆ ಏರಿತ್ತು.

"ಹನ್ನೆರಡನೇ ಮಹಡಿ ನಕ್ಷೇಲಿ ಆ ಜಾಗ ಖಾಲಿ. ಅದನ್ನ ನಂಬಿ ಎಸಿ ಪೈಪಿಗೆ ತೂತು ಕೊರೆದ್ವಿ. ಒಳಗಿದ್ದ ಬೀಮಿನ ಸರಳೇ ತುಂಡಾಯ್ತು!"

ನಕ್ಷೆಯ ಮೇಲೆ ಇದ್ದದ್ದು ಅದನ್ನು ಬರೆದ ರೂಯಿಂಗ್‌ಳ ಮುದ್ರೆ. ಅವಳ ಮುಖ ಬಿಳುಚಿತು. "ನಾನು ಮುದ್ರೆ ಒತ್ತೋವಾಗ ಬೀಮು ಇತ್ತು ಸರ್."

"ಕಣ್ತಪ್ಪಿ ಅಳಿಸಿರ್ತಾಳೆ, ಬಿಡಿ," ಎಂದ ಮಾರಾಟದ ಚಿತ್ರಗಳನ್ನು ಮಾಡುವ ಹಾವ್.

"ಮಧ್ಯಾಹ್ನದೊಳಗೆ ರಾಜೀನಾಮೆ ಬರೆದುಕೊಡಮ್ಮ," ಎಂದರು ಸಾಹೇಬರು. ಈ ಕೆಟ್ಟ ಹೆಸರು ಹೊತ್ತು ಹೊರಬಿದ್ದರೆ ಊರಲ್ಲಿ ಇನ್ಯಾರೂ ಅವಳಿಗೆ ಕೆಲಸ ಕೊಡುವುದಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಪೇಯ್ ಮೂಲೆಯ ಕಡೆ ನೋಡಿದಳು. ನಕ್ಷೆ ತಿದ್ದುವ ತಾಂಗ್ ಮೇಷ್ಟ್ರು ಮಾರಾಟದ ಕೈಪಿಡಿಯೊಂದರಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದರು. ಎಪ್ಪತ್ತಮೂರು ವಯಸ್ಸು. ಕಚೇರಿಯಲ್ಲಿ ಛತ್ರಿ ಕಳೆದರೂ, ಫೈಲು ಕಳೆದರೂ ಕಂಡುಹಿಡಿಯುವವರು ಅವರೇ. ಅವರ ಶಿಷ್ಯೆ ಎನ್ನಿಸಿಕೊಳ್ಳುವುದೆಂದರೆ ಪೇಯ್‌ಗೆ ಬಲು ಹೆಮ್ಮೆ.

"ಊಟದ ಹೊತ್ತಿನ ತನಕ ತಡೀರಿ ಸಾಹೇಬ್ರೇ," ಎಂದು ಮೇಷ್ಟ್ರು ಹಾಳೆಯ ಮೇಲೆ ಬಗ್ಗಿದರು. "ಪೇಯ್, ಇಲ್ಲಿ ಏನು ಕಾಣ್ಸುತ್ತೆ?"

"ಏನೂ ಇಲ್ಲ ಮೇಷ್ಟ್ರೇ. ಅದೇ ತಾನೇ ಗೋಳು?"

"ನೆಲದ ಹಲಗೆ ಗೆರೆ ನೋಡು."

ಮಲಗುವ ಕೋಣೆಯ ಹಲಗೆಗೆರೆಗಳು ನಡುವೆ ಒಂದು ಪಟ್ಟಿಯಷ್ಟು ಅಗಲ ಮಾಯವಾಗಿ ಮತ್ತೆ ಶುರುವಾಗಿದ್ದವು. ಆ ಖಾಲಿ ಪಟ್ಟಿಯ ಮೇಲೆ ಮಂಚ ಮಾತ್ರ ಇಡಿಯಾಗಿ ಕೂತಿತ್ತು. ಪಕ್ಕದ ಸಾಮಾನು ಕೋಣೆಯಲ್ಲಿ ಬೀಮನ್ನು ತೋರಿಸುವ ತುಂಡುತುಂಡು ಗೆರೆ ಇದ್ದ ಹಾಗೇ ಇತ್ತು. ಮೇಷ್ಟ್ರು ಮೀಸೆಯಲ್ಲೇ ನಕ್ಕಾಗ ಪೇಯ್‌ಳ ಎದೆ ಹಗುರಾಯಿತು.

ಊಟದ ಡಬ್ಬಿಗಳು ಬರುವ ಮೊದಲೇ ಎಲ್ಲರೂ ಕಂಪ್ಯೂಟರಿನ ಸುತ್ತ ಸೇರಿದರು.

"ಬೀಮು ಅಂದ್ರೆ ಎರಡೂ ಕೋಣೆ ದಾಟಿ ಹೋಗೋ ಒಂದೇ ಗೆರೆ," ಎಂದರು ಮೇಷ್ಟ್ರು. "ಅಳಿಸಿದ್ರೆ ಸಾಮಾನು ಕೋಣೇಲೂ ಹೋಗ್ಬೇಕಿತ್ತು. ಹೋಗಿಲ್ಲ. ಅಂದ್ರೆ ಅಳಿಸಿಲ್ಲ, ಬಿಳಿ ತೇಪೆ ಹಾಕಿ ಮುಚ್ಚಿದ್ದಾರೆ. ನೆಲದ ಗೆರೆಯೂ ಅದರಡಿ ಸಿಕ್ಕಿದೆ. ಪೇಯ್, ಆ ಖಾಲಿ ಜಾಗ ಹಿಡಿದು ಎಲ್ಲಕ್ಕಿಂತ ಕೆಳಕ್ಕೆ ಕಳಿಸು."

ಪೇಯ್ ಒಂದು ಗುಂಡಿ ಒತ್ತಿದಳು. ಬಿಳಿ ತೇಪೆ ಅಡಿಗೆ ಸರಿಯಿತು. ಬೀಮು ಎದ್ದು ಬಂತು.

ರೂಯಿಂಗ್ ಅತ್ತೇಬಿಟ್ಟಳು.

"ಈಗ, ತೇಪೆ ಹಾಕಿದ್ದು ಯಾರು? ಕಟ್ಟೋರಿಗೆ ನಕ್ಷೆ ಬರೆಯೋಳು ಬೀಮಿನ ಗೆರೇನ ಯಾವಾಗ್ಲೂ ಮಂಚದ ಚಿತ್ರದ ಮೇಲಿಡ್ತಾಳೆ. ಇಲ್ಲಿ ಬೀಮಿನ ಮೇಲೆ ತೇಪೆ, ತೇಪೆ ಮೇಲೆ ಮಂಚ. ಅದೂ ಮಂಚ ಇದ್ದ ಕಡೆ ಮಾತ್ರ. ಮೇಸ್ತ್ರಿ, ಮಲಗೋ ಜಾಗದ ಮೇಲೆ ಬೀಮು ಇರೋ ಮನೆ ತಗೋತೀಯೇನಪ್ಪ?"

"ಅಯ್ಯೋ, ಅಪಶಕುನ! ಎದೆ ಮೇಲೆ ಭಾರ ಹೊತ್ಕೊಂಡು ಮಲಗೋದಾ? ನನ್ನ ಹೆಂಡ್ತಿ ಬಾಗಿಲಿಂದ್ಲೇ ವಾಪಸ್ ಹೋಗ್ತಾಳೆ."

"ಹಾಗಾದ್ರೆ ಬೀಮು ಕಾಣದಿದ್ರೆ ಲಾಭ ಮಾರೋರಿಗೆ." ಮೇಷ್ಟ್ರು ಬೆಳಗಿನಿಂದ ಬೀಸಿಕೊಳ್ಳುತ್ತಿದ್ದ ಕೈಪಿಡಿಯನ್ನು ಬಿಡಿಸಿ ನಕ್ಷೆಯ ಪಕ್ಕ ಇಟ್ಟರು. ಅದೇ ಕೋಣೆ, ಅದೇ ಮಂಚ, ನೆಲದಲ್ಲಿ ಅದೇ ಖಾಲಿ ಪಟ್ಟಿ. "ಈ ಚಿತ್ರ ಮಾಡಿದ್ದು ನೀನೊಬ್ಬನೇ ತಾನೇ, ಹಾವ್?"

ಹಾವ್ ತಲೆ ತಗ್ಗಿಸಿದ. "ಕೈಪಿಡಿ ಚಿತ್ರಾನ ಬೇರೆ ಹೆಸರಲ್ಲಿ ಉಳಿಸ್ಬೇಕಿತ್ತು ಮೇಷ್ಟ್ರೇ. ಗಡಿಬಿಡೀಲಿ ಮುದ್ರೆ ಬಿದ್ದಿದ್ದ ಅವಳ ಫೈಲಿಗೇ ಉಳಿಸ್ಬಿಟ್ಟೆ. ಬೆಳಿಗ್ಗೆ ಗೊತ್ತಾದ್ರೂ ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ."

"ಹೇಡಿ!" ಎಂದಳು ಪೇಯ್. ಅವಳಿಗೆ ತಡೆಯಲಾಗಲಿಲ್ಲ.

"ತಡಿ ಪೇಯ್. ಅಡಿಯಲ್ಲಿ ಇನ್ನೊಂದು ಪದರ ಇದೆ. ಮುಚ್ಚು ಅಂತ ನಿಂಗೆ ಹೇಳಿದ್ಯಾರಪ್ಪ?"

ಹಾವ್ ಯೆನ್ ಸಾಹೇಬರ ಕಡೆ ನೋಡಿದ. ಸಾಹೇಬರ ಕಿವಿ ಕೆಂಪಾಯಿತು. "ನಾನೇ," ಎಂದರು ಕೊನೆಗೆ. "ಮನೆಗಳು ಬಿಕರಿಯಾಗ್ಲಿ ಅಂತ."

ರೂಯಿಂಗ್ ಕಣ್ಣೊರೆಸಿಕೊಂಡಳು. ಅರ್ಧ ಬರೆದಿದ್ದ ರಾಜೀನಾಮೆಯನ್ನು ಮಗುಚಿ ಹಿಂಬದಿಯಲ್ಲಿ ಬರೆದಳು: ಮನೆ ಕೊಂಡವರಿಗೆ, ನಿಮ್ಮ ಮಂಚದ ಮೇಲೆ ಬೀಮು ಇದೆ, ಕೈಪಿಡಿಯಲ್ಲಿ ಅದನ್ನು ಮುಚ್ಚಲಾಗಿತ್ತು. ಬರೆದು ಸಾಹೇಬರ ಮುಂದೆ ಸರಿಸಿದಳು.

"ಇದಕ್ಕೆ ನನ್ನ ಮುದ್ರೆ ಬೇಡ ಸರ್. ನಿಮ್ಮದು ಒತ್ತಿ."

ಸಾಹೇಬರು ಆ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮುದ್ರೆಯ ಡಬ್ಬಿ ತೆರೆದು ಒತ್ತಿದರು.