ಹಲ್ಲಿನ ಹಗ್ಗ

ಕಿರುಬೆರಳಿನಷ್ಟು ದಪ್ಪದ ಹಗ್ಗವೊಂದು ಬೋಟುಗಳನ್ನು ಎಳೆಯುವ ಟಗ್ ದೋಣಿಯ ಹಿಂಬದಿಯಿಂದ ಅಲೆಗಳ ಮೇಲೆ ಚಾಚಿತ್ತು. ಇನ್ನೊಂದು ತುದಿಯಲ್ಲಿ, ಗಂಗೊಳ್ಳಿ ಅಳಿವೆಯಾಚೆ ಆಮೆಕಲ್ಲೆಂಬ ಬಂಡೆಗೆ ಸಿಕ್ಕಿ ವಾಲಿದ್ದ ಮೀನುಗಾರಿಕೆ ಬೋಟು. ಅದರಲ್ಲಿದ್ದ ಎಂಟು ಜನರಲ್ಲಿ ವಿಜ್ಞಾನಿ ಸುಗಂಧಿಯ ಅಣ್ಣ ಮಾಧವನೂ ಒಬ್ಬ. ಮೊದಲು ಕಟ್ಟಿ ಎಳೆದ ಉಕ್ಕಿನ ಹಗ್ಗ ಆಗಲೇ ತುಂಡಾಗಿತ್ತು.

"ಹೆಣೆ, ಈ ದಾರದಗೆ ಬೋಟ್ ಎಳುದಾ? ಮಲ್ಲಿಗಿ ಕಟ್ಟುಕ್ ಅಡ್ಡಿಲ್ಲೆ!" ಎಂದು ಪಕ್ಕದಲ್ಲಿದ್ದ ಸುಗಂಧಿಯನ್ನು ನೋಡಿ ನಕ್ಕ, ಟಗ್ ನಡೆಸುವ ತಾಂಡೇಲ ಶೇಷ.

ಅವನು ನಗುವುದಕ್ಕೂ ಕಾರಣವಿತ್ತು. ಹೋದ ವರ್ಷ ಇಡೀ ಬಂದರಿನೆದುರು ಅವಳ ಮೊದಲ ಹಗ್ಗ ಬಾಳೆನಾರಿನ ಹಾಗೆ ಹರಿದಿತ್ತು. ತಪ್ಪು ಅವಳದೇ. ಹಗ್ಗಕ್ಕೆ ಬೇಕಾಗಿದ್ದದ್ದು ಲಿಂಪೆಟ್ಟಿನ ಹಲ್ಲು. ಲಿಂಪೆಟ್ ಎಂದರೆ ಬಂಡೆಗೆ ಟೋಪಿಯಂತೆ ಅಂಟಿಕೊಳ್ಳುವ ಕಡಲ ಬಸವನಹುಳು. ಚಿಪ್ಪು ನೋಡಿ ಅವಳು ಆರಿಸಿದ್ದು ಅದರಂತೆಯೇ ಕಾಣುವ ಬೇರೊಂದು ಜೀವಿಯನ್ನು, ಅದರ ವೇಷಧಾರಿಯನ್ನು. ಈ ವೇಷಧಾರಿಗೆ ಶ್ವಾಸಕೋಶವಿದೆ, ಅದು ನೆಲದ ಬಸವನಹುಳುವಿನ ನೆಂಟ. ಬೆಳ್ಳಗಿರುವುದೆಲ್ಲ ಹಾಲಲ್ಲವಲ್ಲ! ನಿಜವಾದ ಲಿಂಪೆಟ್ಟಿನ ಕುಲ ಉಳಿದ ಬಸವನಹುಳುಗಳಿಂದ ಬಹು ಹಿಂದೆಯೇ ಬೇರೆಯಾದದ್ದು. ಬಂಡೆಯ ಪಾಚಿ ಕೆರೆಯುವ ಅದರ ಹಲ್ಲಿನಲ್ಲಿ ಕಬ್ಬಿಣದ ಅದಿರಿನ ನವಿರಾದ ಎಳೆಗಳಿವೆ; ಎಳೆತ ತಡೆಯುವುದರಲ್ಲಿ ಅದು ಉಕ್ಕನ್ನೂ ಮೀರಿಸುತ್ತದೆ. ಆ ಹಲ್ಲು ಬೆಳೆಸುವ ಜೀವಕೋಶಗಳನ್ನು ತೊಟ್ಟಿಯಲ್ಲಿ ಸಾಕಿ, ನೂಲು ತೆಗೆದು, ಈ ಹಗ್ಗ ಹೊಸೆದಿದ್ದಳು.

"ಮಾವ, ಈ ಸಲ ತುಂಡಾತ್ತಿಲ್ಲೆ. ಎಳಿನಿ!" ಎಂದಳು. ಹೇಳಿದ್ದೇನೋ ಜೋರಾಗಿಯೇ, ಆದರೂ ಹಗ್ಗದ ಗಂಟನ್ನು ಮತ್ತೊಮ್ಮೆ ಜಗ್ಗಿ ನೋಡಿದಳು.

ಎಂಜಿನ್ ಗುಡುಗಿತು. ಹಗ್ಗ ನೀರು ಸಿಡಿಸಿ ಸೆಟೆದು ನಿಂತಿತು. ಬೋಟು ಒಮ್ಮೆ ನರಳಿತು, ಅಲುಗಿತು, ಬಂಡೆಯಿಂದ ಜಾರಿ ಆಳದ ನೀರಿಗೆ ಬಂತು. ದಡದಲ್ಲಿ ನಿಂತವರ ಕೂಗು ಕಡಲಿನ ಮೊರೆತವನ್ನೂ ಮೀರಿಸಿತು. ಶೇಷ ತಾಂಡೇಲ ತಲೆಯ ಮುಂಡಾಸು ಬಿಚ್ಚಿ ಗಾಳಿಗೆ ಬೀಸುತ್ತ ಕುಣಿದೇಬಿಟ್ಟ.

ದಡಕ್ಕೆ ಬಂದ ಮಾಧವ ತಂಗಿಯ ಕೈ ಹಿಡಿದು ಆಮೆಕಲ್ಲಿನತ್ತ ತಿರುಗಿದ. ಬೋಟುಗಳಿಗೆ ಅಪಾಯವೆಂದು ಆ ಕಲ್ಲನ್ನು ಸಿಡಿಮದ್ದಿಟ್ಟು ಒಡೆಸಬೇಕೆಂದು ವರ್ಷಗಟ್ಟಲೆ ಹಟ ಹಿಡಿದವನು ಅವನೇ. ಅವಳಿಗೆ ನಿಜವಾದ ಲಿಂಪೆಟ್ ಸಿಕ್ಕಿದ್ದು ಅದೇ ಕಲ್ಲಿನ ಮೇಲೆ.

"ತಂಗಿ, ಆ ಕಲ್ಲ್ ಒಡುದ್ ಬ್ಯಾಡ," ಎಂದ. "ಅದ್ರ್ ಮೇಲೊಂದ್ ದೀಪ ಹಾಕುವ."

ದೀಪ ಬಂತು. ಹಗ್ಗ ಊರೂರಿನ ಬಂದರು, ಸೇತುವೆಗಳಿಗೆ ಹೋಯಿತು. ಸುಗಂಧಿಗೆ ಹೆಮ್ಮೆಯೋ ಹೆಮ್ಮೆ. ಆದರೂ ಬಂದರಿನ ಗೋಡೆಯ ಮೇಲೆ ನಡೆಯುವಾಗಲೆಲ್ಲ ಅವಳ ಹೆಜ್ಜೆ ನಿಧಾನವಾಗುತ್ತಿತ್ತು. ಅದು ಅವಳ ಅಜ್ಜನ ಕಾಲದಲ್ಲಿ, ಅಂದರೆ ನಮ್ಮ ಈ ದಿನಗಳಲ್ಲಿ, ಕಡಲ ಬಂಡೆಗಳನ್ನು ಒಡೆದು ಕಟ್ಟಿದ ಗೋಡೆ. ಆ ಬಂಡೆಗಳ ಮೇಲೆ ಏನೇನು ಅಂಟಿಕೊಂಡಿತ್ತೆಂದು ಒಡೆಯುವ ಮೊದಲು ಯಾರೂ ಬಗ್ಗಿ ನೋಡಿರಲಿಲ್ಲ.