ಬಿಸಿ ತೋರುವ ಬೂದಿ

ನೀಲಗಂಗಾ ಮಸ್ಕಿ ಊದುಗೊಳವೆಯನ್ನು ತುಟಿಗಿಟ್ಟು ಊದಿದರು. ಬಾನೆಟ್ ತೆರೆದು ನಿಂತಿದ್ದ ಕಾರಿನ ಕೊಳವೆಗಳ ಮೇಲೆ ಬೂದಿ ತೆಳ್ಳಗೆ ಕುಳಿತಿತು. ಮೊದಲು ಅದು ಒಲೆಯ ಬೂದಿಯಂತೆಯೇ ಕಂಡಿತು. ಒಮ್ಮೆ ಉಸಿರೆಳೆದು ಬಿಡುವಷ್ಟರಲ್ಲಿ ಬಣ್ಣ ತಿರುಗಿತು. ತಣ್ಣಗಿದ್ದ ಕೊಳವೆ ನೀಲಿಯಾಯಿತು, ಕಾದದ್ದು ಕೆಂಪಾಯಿತು, ಎರಡೂ ಅಲ್ಲದ್ದು ಅರಿಸಿನದ ಬಣ್ಣಕ್ಕೆ ಬಂತು. ಶಾಖ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಬರಿಗಣ್ಣಿನಿಂದ ಓದಬಹುದಾಗಿತ್ತು.

ಈ ಬೂದಿಯೆಂದರೆ ರಾಯಚೂರಿನವರಿಗೆ ಹೆಮ್ಮೆ. ಊರ ಹೊರಗೆ ಕಲ್ಲಿದ್ದಲು ಸುಡುತ್ತಿದ್ದ ಕಾಲದಲ್ಲಿ ಗುಡ್ಡೆಯಾಗಿ ಉಳಿದ ಹಾರುಬೂದಿ ಅದು. ಒಣಹಾಕಿದ ಬಟ್ಟೆಯ ಮೇಲೆ ಕುಳಿತು ಹೆಂಗಸರಿಂದ ಬೈಸಿಕೊಂಡ ಬೂದಿ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ, ಟೊಳ್ಳಾದ ಗಾಜಿನ ಗುಂಡುಗಳಿರುತ್ತವೆ. ಶಾಖಕ್ಕೆ ತಕ್ಕಂತೆ ಬಣ್ಣ ಬದಲಿಸುವ ಹರಳನ್ನು ಆ ಗುಂಡುಗಳೊಳಗೆ ಬೆಳೆಸುವ ವಿದ್ಯೆಯನ್ನು ನೀಲಗಂಗಾ ಇದೇ ಊರಿನ ಪ್ರಯೋಗಾಲಯದಲ್ಲಿ ಸಾಧಿಸಿದ್ದರು. ಈಗ ದೂರದ ದೇಶದವರೂ ರಾಯಚೂರು ಬೂದಿ ಎಂದೇ ಹೇಳಿ ತರಿಸಿಕೊಳ್ಳುತ್ತಿದ್ದರು.

ಕಾರು ಮೌನೇಶನದು. ಬಾಡಿಗೆ ಓಡಿಸಿ ಬದುಕುವವನು. ಅವನ ಮಗಳು ಶಾಂಭವಿ ಬೆವರಿನ ಗ್ರಂಥಿಗಳಿಲ್ಲದೆ ಹುಟ್ಟಿದವಳು. ಬೆವರದ ಮೈ ತನ್ನನ್ನು ತಾನು ತಂಪು ಮಾಡಿಕೊಳ್ಳಲಾರದು. ಬಿಸಿಲು ಐವತ್ತು ಡಿಗ್ರಿ ಮುಟ್ಟುವ ಊರಿನಲ್ಲಿ ಆ ಹುಡುಗಿ ಹೊಸ್ತಿಲು ದಾಟಬೇಕಾದರೆ ಕಾರಿನೊಳಗೆ ಗಟ್ಟಿ ತಂಪಿರಬೇಕು. ಹೋದ ವರ್ಷ ಎ.ಸಿ. ಕೈಕೊಟ್ಟು ಅವಳ ಶಾಲೆ ನಿಂತಿತ್ತು. ಸೋಮವಾರ ಮತ್ತೆ ಶಾಲೆ ತೆರೆಯುವುದಿತ್ತು. ಗ್ಯಾರೇಜಿನವರು ಕಂಪ್ರೆಸರ್ ಬದಲಿಸಿದ್ದರು, ಹೋದಲ್ಲೆಲ್ಲ ಗ್ಯಾಸ್ ತುಂಬಿದ್ದರು. ತಂಪು ಮಾತ್ರ ಬಂದಿರಲಿಲ್ಲ. ಕೊನೆಗೆ ಅವನು ಕಾರನ್ನು ನೀಲಗಂಗಾ ಅವರ ಬಳಿಗೇ ತಂದಿದ್ದ.

ಎ.ಸಿ. ಯಂತ್ರ ತಂಪನ್ನು ತಯಾರಿಸುವುದಿಲ್ಲ ಎಂದು ನೀಲಗಂಗಾ ಮೌನೇಶನಿಗೆ ತಿಳಿಸಿ ಹೇಳಿದರು. ಅದು ಒಳಗಿನ ಶಾಖವನ್ನು ಗ್ಯಾಸಿನ ಮೇಲೆ ಹೊರಿಸಿ ಕಾರಿನ ಮುಂಭಾಗಕ್ಕೆ ಒಯ್ಯುತ್ತದೆ. ಅಲ್ಲಿರುವ ಕಂಡೆನ್ಸರ್ ಎಂಬ ಜಾಲರಿ ಆ ಶಾಖವನ್ನು ಗಾಳಿಗೆ ಬಿಡುತ್ತದೆ. ಅಲ್ಲಿ ಗಾಳಿ ಆಡದಿದ್ದರೆ ಶಾಖ ಇಳಿಯದೆ ಹಾಗೆಯೇ ಹಿಂದಿರುಗುತ್ತದೆ. ಗ್ಯಾಸ್ ಅಳತೆ ಮೀರಿದರಂತೂ ತಂಪು ಇನ್ನೂ ಕುಂದುತ್ತದೆ.

ಅವರು ಮುಂಭಾಗಕ್ಕೆ ಬೂದಿ ಊದಿದರು. ಜಾಲರಿ ಅರ್ಧಕ್ಕರ್ಧ ಕೆಂಡದ ಬಣ್ಣಕ್ಕೆ ತಿರುಗಿತು. ಆ ಕೆಂಪಿನ ಎದುರಿಗೇ, ಗ್ರಿಲ್ಲಿನ ಹಿಂದೆ, ಕೆಂಪು ಬಟ್ಟೆಯ ದೊಡ್ಡದೊಂದು ಗಂಟು ಇತ್ತು.

ಅದು ಹರಕೆಯ ತೆಂಗಿನಕಾಯಿ. ಶಾಂಭವಿ ಹುಟ್ಟಿದ ವರ್ಷ ಮೌನೇಶನ ತಾಯಿ ಹಂಪಮ್ಮ ಅದನ್ನು ತಿಂಥಣಿಯ ಗುಡಿಯಿಂದ ತಂದು ಕಟ್ಟಿದ್ದಳು. ಪ್ರತಿ ವರ್ಷ ಅದರ ಮೇಲೊಂದು ಹೊಸ ಬಟ್ಟೆ, ಪ್ರತಿ ಅಮಾವಾಸ್ಯೆಗೆ ಒಂದು ಹೂಮಾಲೆ. ಹಳೆಯದನ್ನು ತೆಗೆಯುವುದು ಅಪಚಾರವೆಂದು ಯಾವುದನ್ನೂ ತೆಗೆದಿರಲಿಲ್ಲ. ಒಣಗಿದ ಚೆಂಡುಹೂವಿನ ಎಸಳು, ದಾರ, ಧೂಳು ಸೇರಿ ಜಾಲರಿಯ ಮೇಲೆ ಕಂಬಳಿಯಂತೆ ಹರಡಿಕೊಂಡಿದ್ದವು. ಗ್ಯಾರೇಜಿನವರೆಲ್ಲ ಆ ಗಂಟನ್ನು ನೋಡಿದ್ದರು. ನೋಡಿ, ಕೈಮುಗಿದು, ಪಕ್ಕದಿಂದ ಕೈಹಾಕಿ ತಮ್ಮ ಕೆಲಸ ಮಾಡಿ ಕಳಿಸಿದ್ದರು.

ನೀಲಗಂಗಾ ಚಪ್ಪಲಿ ಬಿಟ್ಟು ಬಂದು ಕೈಮುಗಿದರು. ಆದರೆ ಗಂಟನ್ನು ಮುಟ್ಟಲಿಲ್ಲ, ಹಂಪಮ್ಮನನ್ನು ಕರೆಸಿದರು.

ಸಂಗತಿ ಕೇಳಿ ಹಂಪಮ್ಮನ ಮುಖ ಬಿಗಿಯಿತು. “ನಿನ್ನ ಬೂದಿ ನಿನ್ನೆ ಮೊನ್ನೆ ಬಂದದ್ದವ್ವ. ಇದು ನನ್ನ ಮೊಮ್ಮಗಳು ಹುಟ್ಟಿದಾಗಿಂದ ಆಕಿನ್ನ ಕಾಯಾಕತ್ತೈತಿ.”

“ಕಾಯಲಿ ಅಮ್ಮಾ. ಕಾಯಬ್ಯಾಡ ಅಂತ ನಾ ಅನ್ನಂಗಿಲ್ಲ,” ಎಂದರು ನೀಲಗಂಗಾ. “ಕುಂತ ಜಾಗ ಅಷ್ಟ ಬದಲಾಗಲಿ. ಈ ಕೆಂಪು ನೋಡ್ರಿ. ಹುಡುಗಿ ಮೈಯಾನ ಬಿಸಿ ಹೊರಗ ಹೋಗೋ ಬಾಗಿಲಾ ಇದು.”

ಹಂಪಮ್ಮ ಬಗ್ಗಿ ಬಹಳ ಹೊತ್ತು ಆ ಕೆಂಪನ್ನು ನೋಡಿದಳು. ಬೆರಳು ಒಯ್ದು, ಸುಟ್ಟಿತೆಂದು ಹಿಂದೆಗೆದುಕೊಂಡಳು. ಕಾರಿನ ಕಿಟಕಿಯೊಳಗೆ ಒದ್ದೆ ಬಟ್ಟೆ ಹೊದ್ದು ಕುಳಿತಿದ್ದ ಮೊಮ್ಮಗಳನ್ನು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲಕ್ಕೆ ಕುಳಿತು, ದೇವರ ಹೆಸರು ಹೇಳುತ್ತ, ಒಂದೊಂದೇ ಗಂಟು ತಾನೇ ಬಿಚ್ಚತೊಡಗಿದಳು. ಮಗ ನೆರವಿಗೆ ಬಂದಾಗ, ಕಟ್ಟಿದವಳು ತಾನು, ಬಿಚ್ಚುವವಳೂ ತಾನೇ ಎಂದು ದೂರ ಸರಿಸಿದಳು. ತೆಂಗಿನಕಾಯಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಎದ್ದಳು.

ನೀಲಗಂಗಾ ಜಾಲರಿಯನ್ನು ನೀರಿನಿಂದ ತೊಳೆದು, ಹೆಚ್ಚಿದ್ದ ಗ್ಯಾಸನ್ನು ಹೊರಗೆ ಚೆಲ್ಲದಂತೆ ಸಿಲಿಂಡರಿಗೆ ಎಳೆದುಕೊಂಡು ಅಳತೆಗೆ ತಂದರು. ಮತ್ತೆ ಬೂದಿ ಊದಿದಾಗ ಕೆಂಪು ಇಳಿದು ಜಾಲರಿ ಅರಿಸಿನದ ಬಣ್ಣದಲ್ಲಿ ನಿಂತಿತು. ಕಾರಿನೊಳಗಿನ ಗಾಳಿಕಿಂಡಿಗಳು ಕಡುನೀಲಿಯಾದವು. ಶಾಂಭವಿ ಒದ್ದೆ ಬಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟಳು.

ಹಂಪಮ್ಮನ ಹೆಮ್ಮೆಗೆ ಮೇರೆಯಿರಲಿಲ್ಲ. “ಇಷ್ಟು ಮಂದಿ ಮೆಕ್ಯಾನಿಕ್ ಕೈಲೆ ಆಗದ್ದು, ನೋಡು, ನನ್ನ ಕೈಲೆ ಆತು,” ಎಂದು ಮಗನನ್ನು ಚುಚ್ಚಿದಳು. ತೆಂಗಿನಕಾಯಿಯನ್ನು ಕಾರಿನೊಳಗೆ, ಮೊಮ್ಮಗಳ ಮುಂದೆ, ತಂಪುಗಾಳಿ ತಾಗುವಲ್ಲಿ ಇಟ್ಟಳು.

ಮೌನೇಶ ಮುಂದಿನ ಚಕ್ರದ ಬಳಿ ನಿಂತು ಮಗಳನ್ನೇ ನೋಡುತ್ತಿದ್ದ. ಅವನ ತೋಳಿನ ಮೇಲೂ ಒಂದಿಷ್ಟು ಬೂದಿ ಕುಳಿತಿತ್ತು. ಶಾಂಭವಿ ಗಾಜಿಳಿಸಿದಳು.

“ಯಪ್ಪಾ, ನಿನ್ನ ತೋಳು ಕೆಂಪಗಾಗೈತಿ. ನನ್ನ ಬಿಸಿ ನಿನ್ನ ಮ್ಯಾಲ ಬೀಳಾಕತ್ತೈತಿ.”

“ಬೀಳಲಿ ಬಿಡವ್ವ. ನಾ ಇರೋದ ಅದಕ್ಕ. ಮೊದಲ ಗಾಜು ಏರಿಸು,” ಎಂದು ಅವನು ನಕ್ಕ.

ನೀಲಗಂಗಾ ಕೂಡ ನಗಲು ಹೊರಟವರು ನಿಂತರು. ಶಾಖ ಎಲ್ಲಿ ತಡೆದು ನಿಂತಿದೆ ಎಂದು ಹುಡುಕಲು ಅವರು ಈ ಬೂದಿಯನ್ನು ಮಾಡಿದ್ದರು. ತಡೆ ತೆಗೆದ ಮೇಲೆ ಅದು ಯಾರ ಮೇಲೆ ಬೀಳುತ್ತದೆ ಎಂದು ಊದಿ ನೋಡಿರಲಿಲ್ಲ. ಈ ಕಾರಿನಲ್ಲಿ ಅದು ತಂದೆಯ ತೋಳು. ಅವನು ಸಂತೋಷದಿಂದ ಹೊತ್ತ. ನೀಲಗಂಗಾ ಬೀದಿಗೆ ಬಂದು ಬೂದಿ ಊದಿದರು. ಸಿಗ್ನಲ್ಲಿನಲ್ಲಿ ಎ.ಸಿ. ಹಾಕಿ ಗಾಜೇರಿಸಿ ನಿಂತ ಕಾರುಗಳ ಸಾಲಿನ ಬದಿಯಲ್ಲಿ ಮಜ್ಜಿಗೆ ಮಾರುವವಳ ಸೀರೆಯ ಅಂಚು, ಸೈಕಲ್ ಹಿಡಿದು ನಿಂತ ಮುದುಕನ ಪಂಚೆ ಮೆಲ್ಲಗೆ ಕೆಂಪಾದವು. ಒಂದು ಕಾರಿನವನು ಅದನ್ನು ಕಂಡು, ಯಾರೂ ಹೇಳದೆಯೇ ಎ.ಸಿ. ಆರಿಸಿದ.

ಬೂದಿ ಬಂದಿರದ ಕಾಲದಲ್ಲಿಯೂ ಸಿಗ್ನಲ್ಲಿನಲ್ಲಿ ಗಾಜೇರಿಸಿ ಕುಳಿತವರಿಗೆ ಪಕ್ಕದ ಬೈಕಿನವನ ತೋಳು ಕಾಣುತ್ತಿತ್ತು. ಅದರ ಮೇಲೆ ಬಿದ್ದ ತಮ್ಮ ಬಿಸಿಯ ಬಣ್ಣ ಮಾತ್ರ ಕಾಣುತ್ತಿರಲಿಲ್ಲ.